ಗಿರಣಿಯ ವಿದ್ಯುತ್ ಬಿಲ್ಲನ್ನು ಓದುವ ಬಗೆ

ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಹಿಟ್ಟಿನ ಗಿರಣಿ, ಎಣ್ಣೆ ಗಾಣದವರಿಗೆ ವಿದ್ಯುತ್ ಬಿಲ್ಲು ಬರುವುದು ಮರಾಠಿಯಲ್ಲಿ. ತಿಳಿಯದೆಂದು ಕೇಳಿದಷ್ಟು ತೆತ್ತು ಬರುವುದು ನಷ್ಟದ ದಾರಿ. ಅದರ ಮೂರು ಮಾತುಗಳನ್ನಾದರೂ ನಾವು ಅರಿತಿರಬೇಕು.

‘ವೀಜ ಆಕಾರ’ವೆಂದರೆ ಬಳಸಿದ ಯುನಿಟ್ಟುಗಳ ಹಣ. 10 ಅಶ್ವಶಕ್ತಿಯ ಮೋಟಾರು ಪೂರ್ಣ ಭಾರದಲ್ಲಿ ಒಂದು ತಾಸು ತಿರುಗಿದರೆ ಸುಮಾರು 8ರಿಂದ 9 ಯುನಿಟ್ ಖರ್ಚಾಗುತ್ತದೆ. ಗಿರಣಿ ನಡೆದ ತಾಸುಗಳನ್ನು ಬರೆದಿಟ್ಟು ತಾಳೆ ನೋಡಬೇಕು. ಲೆಕ್ಕಕ್ಕೆ ಮೀರಿ ಬಂದರೆ ಮೀಟರು ತಪಾಸಣೆಗೆ ಅರ್ಜಿ ಕೊಡಬೇಕು.

‘ಸ್ಥಿರ ಆಕಾರ’ವು ಗಿರಣಿ ನಿಂತ ತಿಂಗಳೂ ತಪ್ಪದು.

‘ಮಂಜೂರ ಭಾರ’ವೆಂದರೆ ನಮಗೆ ಮಂಜೂರಾದ ಶಕ್ತಿ. ಭಾರವು 20 ಕಿಲೋವ್ಯಾಟ್ ದಾಟಿದ ಉದ್ಯೋಗಕ್ಕೆ ಕರಾರಿನಲ್ಲಿ ಬರೆಸಿದ ಬೇಡಿಕೆಯನ್ನು ನೋಡಿ ಆಕಾರ ಬೀಳುತ್ತದೆ. ದೊಡ್ಡ ಮೋಟಾರು ಮಾರಿದ ಮೇಲೂ ಹಳೆಯ ಕರಾರನ್ನೇ ಬಿಟ್ಟರೆ ಇಲ್ಲದ ಯಂತ್ರಕ್ಕೆ ಬಾಡಿಗೆ ಕೊಟ್ಟಂತೆ. ಹಾಗೆಂದು ತೀರ ಕಡಿಮೆ ಬರೆಸಿದರೆ, ಮೀರಿದಾಗ ದಂಡ ತೆರಬೇಕಾದೀತು.

ಆದುದರಿಂದ ವರ್ಷಕ್ಕೊಮ್ಮೆ ಎಲ್ಲ ಮೋಟಾರುಗಳ ಅಶ್ವಶಕ್ತಿ ಕೂಡಿಸಿ, 0.746ರಿಂದ ಗುಣಿಸಿದರೆ ಕಿಲೋವ್ಯಾಟ್ ಬರುತ್ತದೆ. ಅದನ್ನು ಬಿಲ್ಲಿನ ಭಾರದೊಡನೆ ಹೋಲಿಸಿರಿ. ಅಂತರವಿದ್ದರೆ ಮರಾಠಿ ಬಲ್ಲ ಮಕ್ಕಳಿಂದ ಅರ್ಜಿ ಬರೆಸಿ ಕೊಡಿರಿ. ಸಹಿ ಮಾಡಿದ ಪ್ರತಿಯನ್ನು ತಪ್ಪದೆ ಕೇಳಿ ಪಡೆಯಿರಿ.