ನೆವಿಸ್‌ಗೆ ಮೂರು ಸ್ಥಾನ, ನಮ್ಮ ಮತ ನಾಲ್ಕು ಪಾಲು

ಶಾಲೆಯನ್ನು ನಡೆಸುವುದು ಜಿಲ್ಲಾ ಪರಿಷತ್ತು. ಹೀಗಿರುವಾಗ ಲೋಕಸಭಾ ಚುನಾವಣೆಗೂ ನಮ್ಮ ಮಕ್ಕಳ ಕನ್ನಡ ಶಾಲೆಗೂ ಏನು ಸಂಬಂಧವೆಂದು ಪಾಲಕರು ಕೇಳುವುದುಂಟು. ಉತ್ತರಿಸಲು ದೂರದ ಒಂದು ದೇಶದ ಉದಾಹರಣೆ ಉಪಯುಕ್ತವೆಂದು ನಮಗೆ ತೋರುತ್ತದೆ.

ಕೆರಿಬಿಯನ್ ಸಮುದ್ರದ ಸೇಂಟ್ ಕಿಟ್ಸ್ ಮತ್ತು ನೆವಿಸ್ ಎರಡು ದ್ವೀಪಗಳ ದೇಶ. ಜನಸಂಖ್ಯೆ ಸುಮಾರು 50 ಸಾವಿರ. ನಮ್ಮ ಇಚಲಕರಂಜಿಯ ಐದರಲ್ಲೊಂದು ಪಾಲೂ ಇಲ್ಲ. ಅಲ್ಲಿಯ ಸಂಸತ್ತಿನ 11 ಚುನಾಯಿತ ಸ್ಥಾನಗಳಲ್ಲಿ 8 ಸೇಂಟ್ ಕಿಟ್ಸ್‌ಗೆ, 3 ಚಿಕ್ಕ ದ್ವೀಪವಾದ ನೆವಿಸ್‌ಗೆ ಸೇರಿವೆ. 2022ರ ಆಗಸ್ಟ್ 5ರ ಸಾರ್ವತ್ರಿಕ ಚುನಾವಣೆಯಲ್ಲಿ ಲೇಬರ್ ಪಕ್ಷವು 6 ಸ್ಥಾನ ಪಡೆದು, ಟೆರೆನ್ಸ್ ಡ್ರೂ ಪ್ರಧಾನಿಯಾದರು. ನೆವಿಸ್‌ನ ಮೂರೂ ಸ್ಥಾನಗಳನ್ನು ಆ ದ್ವೀಪದ್ದೇ ಪಕ್ಷ ಗೆದ್ದಿತು. ಯಾರೇ ಆಳಲಿ, ನೆವಿಸ್‌ನ ಮೂವರು ಪ್ರತಿನಿಧಿಗಳು ಸದನದಲ್ಲಿ ಇದ್ದೇ ಇರುತ್ತಾರೆ. ಸಮುದ್ರವೇ ಅವರ ಕ್ಷೇತ್ರದ ಗಡಿ.

ನಮಗೆ ಅಂಥ ಗಡಿಯಿಲ್ಲ. ಅಕಿವಾಟವು ಶಿರೋಳ ವಿಧಾನಸಭಾ ಕ್ಷೇತ್ರದ ಮೂಲಕ ಹಾತಕಣಂಗಲೆ ಲೋಕಸಭಾ ಕ್ಷೇತ್ರಕ್ಕೆ ಸೇರುತ್ತದೆ. ಗಡಹಿಂಗ್ಲಜ ಕೊಲ್ಲಾಪುರಕ್ಕೆ, ಜತ್ತ ಸಾಂಗಲಿಗೆ, ಅಕ್ಕಲಕೋಟೆ ಸೋಲಾಪುರಕ್ಕೆ. ಹೀಗೆ ಹಂಚಿಹೋದ ಕನ್ನಡ ಮತ ಎಲ್ಲಿಯೂ ತಾನೊಂದೇ ಒಂದು ಸ್ಥಾನವನ್ನು ಗೆಲ್ಲಿಸಲಾರದು. ಹಾಗೆಂದು ಅದು ಲೆಕ್ಕಕ್ಕಿಲ್ಲವೆನ್ನಲಾಗದು. 2024ರ ಮೇ 7ರಂದು ಮತದಾನ ನಡೆದ ಹಾತಕಣಂಗಲೆಯಲ್ಲಿ ಮತದಾರರು 18 ಲಕ್ಷಕ್ಕೂ ಹೆಚ್ಚು. ಧೈರ್ಯಶೀಲ ಮಾನೆಯವರು ಗೆದ್ದ ಅಂತರ ಕೇವಲ 13,426. ನಾಲ್ಕೈದು ದೊಡ್ಡ ಹಳ್ಳಿಗಳು ಒಂದಾದರೆ ಆಗುವಷ್ಟು ಮತಗಳು!

ಇನ್ನು ಶಾಲೆಯ ಮಾತು. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 350ಎ ಮತ್ತು 350ಬಿ ವಿಧಿಗಳು ಸೇರಿದವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯವೂ ಸ್ಥಳೀಯ ಸಂಸ್ಥೆಗಳೂ ಪ್ರಯತ್ನಿಸಬೇಕೆಂದು ಮೊದಲನೆಯದು ಹೇಳುತ್ತದೆ. ಎರಡನೆಯದರಂತೆ, ಈ ರಕ್ಷಣೆಗಳನ್ನು ಪರಿಶೀಲಿಸುವ ವಿಶೇಷ ಅಧಿಕಾರಿಯು ರಾಷ್ಟ್ರಪತಿಗಳಿಗೆ ವರದಿ ಒಪ್ಪಿಸಬೇಕು. ಅದನ್ನು ಸಂಸತ್ತಿನ ಎರಡೂ ಸದನಗಳ ಮುಂದೆ ಇಡಬೇಕು. ಅಲ್ಲಿ ಅದರ ಬಗ್ಗೆ ಪ್ರಶ್ನೆ ಎತ್ತಬಲ್ಲವರು ನಾವು ಆರಿಸಿ ಕಳಿಸಿದ ಸಂಸದರು. ಪ್ರಚಾರಕ್ಕೆ ಬಂದವರೊಡನೆ ನಾವು ರಸ್ತೆ, ನೀರು, ಕಬ್ಬಿನ ದರದ ಮಾತನಾಡುತ್ತೇವೆ. ಈ ವರದಿಯ ಮಾತೆತ್ತುವುದು ಅಪರೂಪ. ಲೋಪ ನಮ್ಮದೂ ಹೌದು.

ಕಾಲೇಜು ಸೇರಿದ ಮಕ್ಕಳಿರುವ ಮನೆಗಳು ಗಮನಿಸಬೇಕು: 17 ವರ್ಷ ತುಂಬಿದವರು ಮತದಾರರ ಪಟ್ಟಿಗೆ ಸೇರಲು ನಮೂನೆ 6ರಲ್ಲಿ ಮುಂಗಡವಾಗಿಯೇ ಅರ್ಜಿ ಸಲ್ಲಿಸಬಹುದು. ಕನ್ನಡದ ಹೆಸರು ಮರಾಠಿ ಪಟ್ಟಿಯಲ್ಲಿ ತಪ್ಪಾಗಿ ಅಚ್ಚಾಗಿದ್ದರೆ ತಿದ್ದುಪಡಿಗೆ ನಮೂನೆ 8 ಇದೆ.