ಶಾಲೆಯಿಂದ ವಾಪಸಾದ ಎಳ್ಳು-ಬೆಲ್ಲ

ಇಂಗ್ಲೆಂಡಿನಲ್ಲಿರುವ ನನ್ನ ಅಕ್ಕ ಹಿಂದೊಮ್ಮೆ ಸಂಕ್ರಾಂತಿಗೆ ಇಪ್ಪತ್ತೆಂಟು ಪುಟ್ಟ ಪೊಟ್ಟಣಗಳಲ್ಲಿ ಎಳ್ಳು-ಬೆಲ್ಲ ಕಟ್ಟಿ ಮಗಳ ಕೈಯಲ್ಲಿ ಶಾಲೆಗೆ ಕಳಿಸಿದಳು. ಸಂಜೆ ಇಪ್ಪತ್ತೆಂಟೂ ಹಾಗೆಯೇ ಮನೆಗೆ ಬಂದವು. ಜೊತೆಗೊಂದು ವಿನಯದ ಚೀಟಿ: ತರಗತಿಯಲ್ಲಿ ಕಡಲೆಕಾಯಿ ಆಗದ ಮಗುವೊಂದಿದೆ, ದಯವಿಟ್ಟು ಇಂಥದ್ದನ್ನು ಕಳಿಸಬೇಡಿ. ಏಳು ವರ್ಷದ ಹುಡುಗಿ ರಾತ್ರಿ ಮಲಗುವಾಗ ಕೇಳಿದಳಂತೆ, 'ಅಮ್ಮಾ, ನಮ್ಮನೆ ತಿಂಡಿ ಕೆಟ್ಟದ್ದಾ?'

ಫೋನಿನಲ್ಲಿ ಇದನ್ನು ಕೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಬಸವನಗುಡಿಯಲ್ಲಿ ಕಡಲೆಕಾಯಿಗೆಂದೇ ಪರಿಷೆ ನಡೆಸುವ ಊರಿನವರು ನಾವು. ಉತ್ತರ ಕರ್ನಾಟಕದಲ್ಲಂತೂ ಶೇಂಗಾ ಚಟ್ನಿಯಿಲ್ಲದೆ ರೊಟ್ಟಿ ಇಳಿಯುವುದಿಲ್ಲ. ವಿಷಯ ಕೆದಕಿದ ಮೇಲೆ ಸಿಟ್ಟು ಇಳಿಯಿತು.

ಕೆಲವು ಮಕ್ಕಳ ದೇಹ ಕಡಲೆಕಾಯಿಯ ಪ್ರೋಟೀನನ್ನು ಶತ್ರುವೆಂದು ಬಗೆಯುತ್ತದೆ. ತುಟಿ, ನಾಲಿಗೆ ಊದಿ, ಉಸಿರು ಕಟ್ಟಿ, ರಕ್ತದೊತ್ತಡ ಕುಸಿದು ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಸಂಚಕಾರ ಬರಬಹುದು. ಅಂಥ ಮಕ್ಕಳು ಅಡ್ರಿನಲಿನ್ ಚುಚ್ಚುಮದ್ದಿನ ಪೆನ್ನನ್ನು ಸದಾ ಜೊತೆಗಿಟ್ಟುಕೊಳ್ಳುತ್ತಾರೆ.

ಇದರ ಹಿಂದೊಂದು ಸ್ವಾರಸ್ಯವೂ ಇದೆ. ಅಲರ್ಜಿಯ ಚರಿತ್ರೆಯಿರುವ ಮನೆತನದವರು ಮಗುವಿಗೆ ಮೂರು ವರ್ಷ ತುಂಬುವವರೆಗೆ ಕಡಲೆಕಾಯಿ ಕೊಡದಿರುವುದು ಲೇಸು ಎಂದು 1998ರಲ್ಲಿ ಬ್ರಿಟಿಷ್ ಸರ್ಕಾರ ಸಲಹೆ ಮಾಡಿತ್ತು. ಆದರೆ 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಬ್ರಿಟನ್ನಿನ ಮತ್ತು ಇಸ್ರೇಲಿನ ಯಹೂದಿ ಮಕ್ಕಳನ್ನು ಹೋಲಿಸಿದಾಗ ಬ್ರಿಟನ್ನಿನ ಮಕ್ಕಳಲ್ಲಿ ಈ ಅಲರ್ಜಿ ಸುಮಾರು ಹತ್ತು ಪಟ್ಟು ಹೆಚ್ಚಿತ್ತು. ಇಸ್ರೇಲಿನ ಕೂಸುಗಳು ಕಡಲೆಕಾಯಿ ಬೆರೆಸಿದ ಕುರುಕಲನ್ನು ವರ್ಷ ತುಂಬುವ ಮೊದಲೇ ಚೀಪುತ್ತಿದ್ದವು. 2009ರಲ್ಲಿ ಸರ್ಕಾರ ತನ್ನ ಸಲಹೆಯನ್ನು ಹಿಂತೆಗೆದುಕೊಂಡಿತು. ಅಲರ್ಜಿಯ ಅಪಾಯ ಹೆಚ್ಚಿದ್ದ 640 ಕೂಸುಗಳ ಮೇಲೆ ಲಂಡನ್ನಿನಲ್ಲಿ ನಡೆದ ಪರೀಕ್ಷೆಯ ಫಲ 2015ರಲ್ಲಿ ಹೊರಬಂತು. ಬೇಗನೆ ತಿನ್ನತೊಡಗಿದವರಲ್ಲಿ ಅಲರ್ಜಿ ಶೇ 80ರಷ್ಟು ಕಡಿಮೆಯಾಗಿತ್ತು. ಆದರೆ ಅಲರ್ಜಿ ಆಗಲೇ ಅಂಟಿಕೊಂಡ ಸಹಪಾಠಿಗೆ ಈ ಜ್ಞಾನದಿಂದೇನು ಪ್ರಯೋಜನ? ಅವನನ್ನು ಶಾಲೆಯೇ ಕಾಯಬೇಕು.

ಕಡಲೆಕಾಯಿಯನ್ನು ಶಾಲೆಗೆ ತರಬಾರದೆಂಬ ಕಾನೂನೇನೂ ಅಲ್ಲಿಲ್ಲ. ಒಂದೊಂದು ಶಾಲೆಯೂ ತಾನೇ ನಿಯಮ ಮಾಡಿಕೊಳ್ಳುತ್ತದೆ. ಕಾನೂನು ಇರುವುದು ಮಾರುವವರಿಗೆ. ಅಲರ್ಜಿ ತರಬಲ್ಲ 14 ಪದಾರ್ಥಗಳಲ್ಲಿ ಯಾವುದಿದ್ದರೂ ಅವರು ತಿಳಿಸಲೇಬೇಕು. ಆ ಪಟ್ಟಿಯಲ್ಲಿ ಕಡಲೆಕಾಯಿಯ ಜೊತೆ ಎಳ್ಳೂ ಇದೆ, ಸಾಸಿವೆಯೂ ಇದೆ. ಸಾಸಿವೆ ಸಿಡಿಯದ ಒಗ್ಗರಣೆ ನಮ್ಮಲ್ಲಿ ಎಷ್ಟಿವೆ ಹೇಳಿ! ತೆಂಗಿನಕಾಯಿ ಮತ್ತು ಕಡಲೆ ಮಾತ್ರ ಅದರಲ್ಲಿಲ್ಲ. ಇಲ್ಲಿ ನಮ್ಮ ಭಾಷೆಯದೂ ಒಂದು ತೊಡಕು: ಉಸ್ಲಿಗೆ ಹಾಕುವುದೂ ಕಡಲೆ, ಪುರಿಗೆ ಬೆರೆಸುವುದೂ ಹುರಿಗಡಲೆ, ಮಣ್ಣಿನಿಂದ ಕಿತ್ತದ್ದೂ ಕಡಲೆಕಾಯಿ. ಡಬ್ಬಿಯಲ್ಲಿ ಏನಿದೆ ಎಂದು ಕೇಳಿದರೆ ಮಗು 'ಕಡ್ಲೆ' ಎನ್ನುತ್ತದೆ. ಟೀಚರು ಗಾಬರಿಯಾಗದೆ ಇನ್ನೇನು ಮಾಡಿಯಾರು?

ಅಷ್ಟಕ್ಕೂ ಅಕ್ಕನಿಗೆ ಈ ಡಬ್ಬಿಯ ಚಿಂತೆ ಹತ್ತಿದ್ದು ಮಗಳಿಗೆ ಏಳಾದ ಮೇಲೆ. ಬಡಮಕ್ಕಳಿಗೆ ಶಾಲೆಯಲ್ಲಿ ಊಟ ಕೊಡಲು ಸ್ಥಳೀಯ ಆಡಳಿತಗಳಿಗೆ ಅಧಿಕಾರ ನೀಡಿದ ಬ್ರಿಟಿಷ್ ಕಾಯಿದೆ 1906ರದು. ಮಹಾಯುದ್ಧ ಮುಗಿದ ಬಳಿಕ, 1946ರಿಂದ, ಶಾಲಾಮಕ್ಕಳಿಗೆಲ್ಲ ದಿನಕ್ಕೆ ಪೈಂಟಿನ ಮೂರನೇ ಒಂದು ಭಾಗ ಹಾಲು ಪುಕ್ಕಟೆ ಸಿಗುತ್ತಿತ್ತು. ಏಳು ದಾಟಿದವರ ಹಾಲನ್ನು 1971ರಲ್ಲಿ ನಿಲ್ಲಿಸಿದ ಶಿಕ್ಷಣ ಸಚಿವೆ ಮಾರ್ಗರೆಟ್ ಥ್ಯಾಚರ್. 'ಹಾಲುಗಳ್ಳಿ' ಎಂಬ ಬಿರುದು ಅವರಿಗೆ ಕೊನೆತನಕ ಅಂಟಿಕೊಂಡಿತು. ಈಗ ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ನಾಲ್ಕರಿಂದ ಆರು ವರ್ಷದವರಿಗೆ ದಿನಕ್ಕೊಂದು ಹಣ್ಣೋ ತರಕಾರಿಯೋ ಸಿಗುತ್ತದೆ. ಆಮೇಲೆ ಅಮ್ಮನ ಡಬ್ಬಿಯೇ ಗತಿ.

ಚೀಟಿ ಬಂದ ಮೇಲೆ ಅಕ್ಕ ಹೆದರಿ ಅಂಗಡಿಯ ಪೊಟ್ಟಣಗಳಿಗೆ ಶರಣಾದಳು. 'ಕಡಲೆಕಾಯಿ ಇಲ್ಲ' ಎಂದು ದಪ್ಪಕ್ಷರದಲ್ಲಿ ಬರೆದ ಓಟ್ಸ್ ಪಟ್ಟಿಗಳು. ನೆರೆಮಗುವಿಗೆ ಅಪಾಯವಿಲ್ಲ, ನಿಜ. ತನ್ನ ಮಗುವಿಗೆ ಒಳ್ಳೆಯದೇ? ಅದು ಬೇರೆ ಪ್ರಶ್ನೆ, ಉತ್ತರ ಸಣ್ಣಕ್ಷರದಲ್ಲಿರುತ್ತದೆ. ಅಲ್ಲಿನ ಅನೇಕ ಪೊಟ್ಟಣಗಳ ಮೇಲೆ ಸಂಚಾರ ದೀಪದಂತೆ ಕೆಂಪು, ಹಳದಿ, ಹಸಿರು ಗುರುತುಗಳಿವೆ. ನೂರು ಗ್ರಾಮಿನಲ್ಲಿ 22.5 ಗ್ರಾಮಿಗಿಂತ ಹೆಚ್ಚು ಸಕ್ಕರೆಯಿದ್ದರೆ ಕೆಂಪು. ಏಳರಿಂದ ಹತ್ತು ವರ್ಷದ ಮಗುವಿಗೆ ಇಡೀ ದಿನಕ್ಕೆ ಹೆಚ್ಚೆಂದರೆ 24 ಗ್ರಾಂ ಸಕ್ಕರೆ ಸಾಕೆನ್ನುತ್ತದೆ ಅಲ್ಲಿನ ಆರೋಗ್ಯ ಇಲಾಖೆ. 30 ಗ್ರಾಮಿನ ಪಟ್ಟಿಯಲ್ಲಿ ಮೂರನೇ ಒಂದು ಭಾಗ ಸಕ್ಕರೆಯಿದ್ದರೆ ಹತ್ತೂವರೆ ಗಂಟೆಯ ಬಿಡುವಿನಲ್ಲೇ ಹತ್ತು ಗ್ರಾಂ ಮುಗಿಯಿತು. ಒಣದ್ರಾಕ್ಷಿಯೂ ಹಲ್ಲಿಗೆ ಅಂಟುವುದರಿಂದ ಊಟದ ಜೊತೆಗೇ ತಿನ್ನಿಸಿ ಎಂಬುದು ಅಲ್ಲಿನ ಸಲಹೆ.

ಹಾಗೆಂದು ನಮ್ಮದೆಲ್ಲ ಅಮೃತವಲ್ಲ. ಈ ಲೆಕ್ಕದಲ್ಲಿ ಬೆಲ್ಲವೂ ಸಕ್ಕರೆಯೇ. ಕೋಡುಬಳೆ, ಚಕ್ಕುಲಿಗಳ ಉಪ್ಪು, ಎಣ್ಣೆಗಳ ಮಾತು ಬೇಡ.

ಕೊನೆಗೆ ಅಕ್ಕನ ಕೈಹಿಡಿದದ್ದು ಕಡಲೆಕಾಳಿನ ಉಸ್ಲಿ, ಸಾಸಿವೆಯ ಬದಲು ಜೀರಿಗೆಯ ಒಗ್ಗರಣೆ ಕೊಟ್ಟು, ಕಾಯಿತುರಿ ಉದುರಿಸಿದ್ದು. ಹೆಸರುಬೇಳೆ ಕೋಸಂಬರಿ, ಚಟ್ನಿಪುಡಿ ಹಚ್ಚದ ಪುಟ್ಟ ಇಡ್ಲಿ ಕೂಡ. ಇವೆಲ್ಲ ಮಧ್ಯಾಹ್ನದ ಊಟಕ್ಕೆ. ಬೆಳಗಿನ ಬಿಡುವಿಗೆ ಹಣ್ಣು-ತರಕಾರಿ ಮಾತ್ರ ಎನ್ನುವುದು ಆ ಶಾಲೆಯ ನಿಯಮ. ಹದಿನೈದು ನಿಮಿಷದಲ್ಲಿ ಆಟವೇ ಮುಖ್ಯವಾದ್ದರಿಂದ ಒಂದು ಕೈಯಲ್ಲಿ ಹಿಡಿದು ಓಡುತ್ತ ತಿನ್ನುವಂತಿರಬೇಕು. ಸೌತೆಕಾಯಿ, ಸೇಬಿನ ಹೋಳು ಸಲ್ಲುತ್ತವೆ. ಕಿತ್ತಳೆ ಸುಲಿಯದೆ ಹಾಗೇ ಮರಳುತ್ತದೆ.

ಮರುವರ್ಷದ ಸಂಕ್ರಾಂತಿಗೆ ಅಕ್ಕ ಮೊದಲೇ ಟೀಚರನ್ನು ಕೇಳಿದಳು. ಕೊಬ್ಬರಿ, ಬೆಲ್ಲ, ಹುರಿಗಡಲೆ ಆಗಬಹುದು, ಏನೇನಿದೆ ಎಂದು ಬರೆದಿರಬೇಕು ಎಂದರಂತೆ. ಆದರೆ ಅಂಗಡಿಯ ಹುರಿಗಡಲೆ ಪೊಟ್ಟಣದ ಮೇಲೇ 'ಕಡಲೆಕಾಯಿ ಅಂಶ ಇರಬಹುದು' ಎಂಬ ಎಚ್ಚರಿಕೆ! ಆ ಮಾತಿಲ್ಲದ ಪೊಟ್ಟಣ ಸಿಕ್ಕಿದ್ದು ನಾಲ್ಕನೆಯ ಅಂಗಡಿಯಲ್ಲಿ. ಚೀಟಿಗಳನ್ನು ಮಗಳೇ ಬರೆದಳು. ಕಡಲೆಕಾಯಿ ಆಗದ ಹುಡುಗನ ತಾಯಿ ಗೇಟಿನ ಬಳಿ ನಿಂತು ಚೀಟಿಯನ್ನು ಎರಡು ಸಲ ಓದಿ, ಪೊಟ್ಟಣ ಬಿಚ್ಚಿ ಮಗನ ಕೈಗಿತ್ತರಂತೆ.