ಕಳ್ಳಿಪೀರ ನನ್ನ ಕಣ್ಣನ್ನೇ ಕಾಯುತ್ತಿತ್ತು!

ಹೋಗಲಿಲ್ಲ! ಈ ಸಲವೂ ಹೋಗಲಿಲ್ಲ! ಕೊಕ್ಕಿನಲ್ಲಿ ಜೇನ್ನೊಣ ಕಚ್ಚಿಕೊಂಡ ಆ ಹಸಿರು ಹಕ್ಕಿ ತಂತಿ ಬಿಟ್ಟು ಕದಲಲೇ ಇಲ್ಲ. ಬೀದರ್ ತಾಲ್ಲೂಕಿನ ಬಗದಲ್ ಹೊರಗೆ, ತೊಗರಿ ಕಟಾವಾಗಿ ಬಯಲಾದ ಹೊಲದ ಬದುವಿನಲ್ಲಿ, ಏಪ್ರಿಲ್ ಬಿಸಿಲಿಗೆ ನೆತ್ತಿಯೊಡ್ಡಿ ನಿಂತಿದ್ದೆ. ಎದುರಿನ ಕೆಂಪು ಮಣ್ಣಿನ ದಿಬ್ಬದಲ್ಲಿ ಕಳ್ಳಿಪೀರದ ಗೂಡು, ತಾನೇ ಕೊರೆದುಕೊಂಡ ಪುಟ್ಟ ಸುರಂಗ. ಒಳಗೆ ಹಸಿದ ಮರಿಗಳು. ತಂತಿಯ ಮೇಲಿದ್ದದ್ದು ತಾಯಿಯೋ ತಂದೆಯೋ ತಿಳಿಯದು. ಎರಡೂ ಉಣಿಸುತ್ತವೆ, ನೋಡಲು ಎರಡೂ ಒಂದೇ.

"ಸರ, ನಿಮ್ಗ ನೋಡಿ ಅದು ಒಳಗ ಹೋಗ್ವಲ್ದು," ಅಂದರು ಹೊಲದ ಕಾಕಾ. "ಆ ಬೇವಿನ ಗಿಡದ ಹಿಂದ ನಿಂದರ್ರಿ. ಆಗ ನೋಡ್ರಿ."

ಬೇವಿನ ಮರವೂ ಗೂಡಿಗೆ ಹೆಚ್ಚುಕಡಿಮೆ ಅಷ್ಟೇ ದೂರ. ಅಲ್ಲಿಂದ ತಂತಿ ಕಾಣುತ್ತಿತ್ತು, ಗೂಡಿನ ಬಾಯಿ ಮಾತ್ರ ಕಾಂಡದ ಮರೆಗೆ ಬಿದ್ದಿತ್ತು. ನಿಂತು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಹಕ್ಕಿ ಸರ್ರನೆ ದಿಬ್ಬದತ್ತ ಜಾರಿತು. ತಂತಿಗೆ ಮರಳಿದಾಗ ಕೊಕ್ಕು ಬರಿದು! ನಾನು ಅಲ್ಲೇ ಇದ್ದೆ, ಅದು ನನ್ನನ್ನು ನೋಡುತ್ತಲೂ ಇತ್ತು. ಹಾಗಾದರೆ ಅದು ಅಂಜಿದ್ದು ನನಗಲ್ಲ, ನನ್ನ ನೋಟಕ್ಕೆ!

ಕಾಕಾ ಮಾಡಿಸಿದ ಪರೀಕ್ಷೆಯನ್ನೇ ಪುಣೆಯ ಮಿಲಿಂದ್ ವಾಟ್ವೆ ಮತ್ತು ಸಂಗಡಿಗರು ಲೆಕ್ಕವಿಟ್ಟು ಮಾಡಿ 2002ರಲ್ಲಿ ಪ್ರಕಟಿಸಿದ್ದಾರೆ. ದೂರ ಸುಮಾರು ಒಂದೇ. ಆದರೂ ಗೂಡು ಕಾಣುವ ಕಡೆ ಮನುಷ್ಯ ನಿಂತರೆ ಕಳ್ಳಿಪೀರ ಒಳಹೋಗಲು ಹಿಂಜರಿಯುತ್ತದೆ, ಕಾಣದ ಕಡೆ ನಿಂತರೆ ಹೋಗುತ್ತದೆ.

ಹಾಗಾದರೆ ಈ ಹಿಂಜರಿಕೆಯ ಹಿಂದೆ ಉದ್ದೇಶವೊಂದಿದೆಯೇ? ಉದ್ದೇಶ ಸಹಜವಾಗಿ ಹೊರಹೊಮ್ಮುವುದು ಹೇಗೆಂದು ತಿಳಿಯಬೇಕೇ? ಹಕ್ಕಿಗೆ ಹೊಂಚು ಹಾಕುವ ಬೆಕ್ಕನ್ನು ನೋಡಿ ಎಂದಿದ್ದ ತತ್ತ್ವಜ್ಞಾನಿ ವಿಟ್‌ಗೆನ್‌ಸ್ಟೈನ್. ಆತನ ಶಿಷ್ಯೆ ಆನ್ಸ್‌ಕೂಂಬ್ 1957ರಲ್ಲಿ ಒಪ್ಪಲಿಲ್ಲ. ಪ್ರಾಣಿಗೆ ಉದ್ದೇಶ ಇರಬಹುದು, ಆದರೆ ಬೆಕ್ಕಿನ ಹೊಂಚನ್ನು ಅದರ ಅಭಿವ್ಯಕ್ತಿ ಎನ್ನುವುದಾದರೆ, ಎಂಜಿನ್ ತಡವರಿಸುವುದನ್ನೂ ಕಾರು ತಾನು ನಿಲ್ಲಲಿರುವುದನ್ನು ತೋರಿಸಿಕೊಳ್ಳುವ ಬಗೆ ಎನ್ನಬಹುದಲ್ಲ ಎಂದಳು. ಬಗದಲ್‌ನ ಬಿಸಿಲಲ್ಲಿ ನಿಂತು ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಕೆಟ್ಟು ನಿಲ್ಲುವ ಕಾರು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಕಾಯುತ್ತದೆಯೇ?

ಆದರೂ ಆಕೆಯ ಪ್ರಶ್ನೆ ಗಟ್ಟಿ. ಕಳ್ಳಿಪೀರ ತನ್ನ ಉದ್ದೇಶವನ್ನು ಮುಚ್ಚಿಟ್ಟಿತು, ತೋರಿಸಲಿಲ್ಲ. ಬೇಕೆಂದೇ ತೋರಿಸುವ ಪ್ರಾಣಿ ಇದೆಯೇ? ಇದೆ, ನಮ್ಮ ಬಂಡೀಪುರದಲ್ಲೇ! ಅಲ್ಲಿನ ಬಾನೆಟ್ ಮಂಗಗಳು ಮನುಷ್ಯರತ್ತ ಕೈ ಚಾಚಿ, 'ಕೂ' ಎಂದು ಕೂಗಿ ತಿಂಡಿ ಕೇಳುತ್ತವೆ. ಅದ್ವೈತ್ ದೇಶಪಾಂಡೆ, ಶ್ರೀಜಾತಾ ಗುಪ್ತಾ, ಅನಿಂದ್ಯ ಸಿನ್ಹಾ ಇದನ್ನು ಕಾಡಿನಲ್ಲೇ ಪರೀಕ್ಷಿಸಿ 2018ರಲ್ಲಿ ವರದಿ ಮಾಡಿದರು. ಉದ್ದೇಶಪೂರ್ವಕ ಸಂವಹನಕ್ಕೆ ವಿಜ್ಞಾನಿಗಳು ಇಟ್ಟಿರುವ ಒರೆಗಲ್ಲಿಗೆ ಚಾಚಿದ ಕೈ ನಿಂತಿತು, ಎದುರಿನವರತ್ತ ತಿರುಗುವ ಮೈ ನಿಂತಿತು, ಅವರನ್ನೇ ಗಮನಿಸುವ ಕಣ್ಣೂ ನಿಂತಿತು. ಸೋತದ್ದು ಯಾವುದು ಗೊತ್ತೇ? ಕೂಗು! ಮಾತಿಗೆ ಹತ್ತಿರ ಎಂದು ನಾವು ಭಾವಿಸುವ ದನಿಯೇ ಸೋತು, ಮೂಕ ಕೈ ಗೆದ್ದಿತು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಬೇವಿನ ಮರೆಯಿಂದ ಇನ್ನೊಮ್ಮೆ ಈಚೆ ಬಂದೆ. ತುಂಬಿದ ಕೊಕ್ಕಿನೊಡನೆ ದಿಬ್ಬದತ್ತ ಇಳಿಯುತ್ತಿದ್ದ ಹಕ್ಕಿ ನಡುಗಾಳಿಯಲ್ಲೇ ತಿರುಗಿ ತಂತಿಗೆ ಮರಳಿತು.

"ಸಾಕ್ ಬರ್ರಿ ಸರ," ಅಂದರು ಕಾಕಾ, "ಮರಿ ಹಸ್ದಾವ."